ಉಪ್ಪು ನೋಡುವವಳು

ರಂಜಾನ್ ತಿಂಗಳಲ್ಲಿ ಆ ಮನೆಯಲ್ಲಿ ಉಪ್ಪು ನೋಡುವ ಕೆಲಸ ಯಾವತ್ತೂ ಒಬ್ಬರದೇ ಆಗಿರಲಿಲ್ಲ. ಯಾರಿಗೆ ರಜೆಯೋ ಅವರದು. ರಜೆ ಎಂದರೆ ಹೆಂಗಸರಿಗೆ ತಿಂಗಳಿಗೊಮ್ಮೆ ಬರುವ ಆ ಆರೇಳು ದಿನ. ಆ ದಿನಗಳಲ್ಲಿ ಅವರಿಗೆ ರೋಜಾದ ಉಪವಾಸ ಇಲ್ಲ, ನಮಾಜೂ ಇಲ್ಲ. ಬಿಟ್ಟ ರೋಜಾಗಳನ್ನು ಹಬ್ಬ ಮುಗಿದ ಮೇಲೆ ಹಿಡಿದು ತೀರಿಸಿದರಾಯಿತು. ಗಂಡಸರು ಇದನ್ನು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ. ಆದರೆ ಉಳಿದವರೆಲ್ಲ ಬೆಳಗಿನಿಂದ ಒಂದು ತೊಟ್ಟು ನೀರನ್ನೂ ಬಾಯಿಗೆ ಹಾಕದೆ ಇರುವಾಗ, ಸಂಜೆಯ ಗಂಜಿಗೆ ಉಪ್ಪು ಹದವಾಗಿದೆಯೇ ಎಂದು ನೋಡಿ ಹೇಳಬಲ್ಲವಳು ಆ ರಜೆಯವಳೊಬ್ಬಳೇ. ನಾಲಗೆಯ ತುದಿಗೆ ಸೋಕಿಸಿ ಉಗುಳಿದರೆ ರೋಜಾ ಕೆಡುವುದಿಲ್ಲ ಎನ್ನುವವರಿದ್ದಾರೆ. ಮನೆಯ ಇಬ್ಬರು ಸೊಸೆಯಂದಿರ ಅತ್ತೆ, ಅಂದರೆ ಮನೆಮಂದಿಗೆಲ್ಲ ಅಮ್ಮಿ, ಅದನ್ನು ಒಪ್ಪುವವರಲ್ಲ. ಯಾರಿಗೂ ರಜೆ ಇಲ್ಲದ ದಿನ ಕಣ್ಣಂದಾಜೇ ಗತಿ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಮನೆ ಅದು. ಕೆಳಗೆ ಗುಂಡಿ, ಲೇಸು, ಲೈನಿಂಗ್ ಬಟ್ಟೆಯ ಅಂಗಡಿ. ಮೇಲೆ ಇಬ್ಬರು ಅಣ್ಣತಮ್ಮಂದಿರ ಸಂಸಾರ. ದೊಡ್ಡವನು ಅಸ್ಗರ್, ಅವನ ಹೆಂಡತಿ ಉಮ್ಮೆ ಕುಲ್ಸುಂ, ವಯಸ್ಸು ಐವತ್ತೊಂದು. ಚಿಕ್ಕವನು ರಿಜ್ವಾನ್, ಅವನ ಹೆಂಡತಿ ನೌರೀನ್, ಮೂವತ್ತೊಂಬತ್ತು. ಮನೆಯ ಮಾತೆಲ್ಲ ದಖ್ಖನಿ ಉರ್ದು. ನಮಗೆ ಅದು ಕನ್ನಡದಲ್ಲೇ ಕೇಳಿಸಲಿ.

ಹನ್ನೆರಡು ವರ್ಷ ಈ ಇಬ್ಬರು ಓರಗಿತ್ತಿಯರು ಉಪ್ಪಿನ ಕೆಲಸವನ್ನು ಹಂಚಿಕೊಂಡು ಬಂದಿದ್ದರು. ಬಿಟ್ಟ ರೋಜಾಗಳನ್ನು ಹಬ್ಬದ ನಂತರ ಜೊತೆಯಾಗಿಯೇ ಹಿಡಿದು ತೀರಿಸುತ್ತಿದ್ದರು. ಈ ವರ್ಷ ಕುಲ್ಸುಂಗೆ ರಜೆ ಇರಲಿಲ್ಲ. ಅವಳ ಮುಟ್ಟು ನಿಂತು ಎಂಟು ತಿಂಗಳಾಗಿತ್ತು.

"ನನಗೆ ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯ್ತು," ಎಂದು ಅಮ್ಮಿ ಎಪ್ಪತ್ತಾರರ ವಯಸ್ಸಿನಲ್ಲೂ ಹೆಮ್ಮೆಪಡುತ್ತಿದ್ದರು. "ಒಂದು ದಿನ ಇತ್ತು, ಮಾರನೇ ದಿನ ಇಲ್ಲ. ಅವತ್ತಿಂದ ಮೂವತ್ತಕ್ಕೆ ಮೂವತ್ತು ರೋಜಾ. ನೀನ್ಯಾಕೆ ಇಷ್ಟು ರಂಪ ಮಾಡ್ತೀಯೋ ನಂಗೆ ಗೊತ್ತಾಗಲ್ಲ."

ರಂಪ ಮಾಡುತ್ತಿದ್ದುದು ಕುಲ್ಸುಂ ಅಲ್ಲ, ಅವಳ ಮೈ. ಎದೆಯಿಂದ ಎದ್ದ ಬಿಸಿ ಕುತ್ತಿಗೆಗೆ ಏರಿ ಕಿವಿಯಲ್ಲಿ ಕೂತು ಉರಿಯುತ್ತಿತ್ತು. ಆಗ ಅವಳು ಯಾವ ಕೆಲಸದಲ್ಲಿದ್ದರೂ ಬಿಟ್ಟು ಬಂದು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ತಲೆಹಾಕಿ ನಿಲ್ಲುತ್ತಿದ್ದಳು. "ಮಮ್ಮಿ ಊಟಿಗೆ ಹೋದ್ರು," ಎಂದು ಕಾಲೇಜಿಗೆ ಹೋಗುವ ಮಗ ಆದಿಲ್ ನಗುತ್ತಿದ್ದ. ಸರಿಯಾಗಿ ಅದೇ ಹೊತ್ತಿಗೆ ನೌರೀನ್‌ಗೆ ಮೊಸರೋ ಕೊತ್ತಂಬರಿಯೋ ಬೇಕಾಗಿ, ಅವಳು ಬೆನ್ನ ಹಿಂದೆ ಬಂದು ನಿಲ್ಲುತ್ತಿದ್ದಳು. ಇವಳಿಗೆ ಬೇರೆ ಹೊತ್ತೇ ಸಿಗುವುದಿಲ್ಲವೇ ಎಂದು ಕುಲ್ಸುಂ ಸಿಡುಕುತ್ತಿದ್ದಳು. ಸಿಡುಕು ಓರಗಿತ್ತಿಗೆ ಮಾತ್ರ ಮೀಸಲಾಗಿರಲಿಲ್ಲ. ಕುಕ್ಕರಿಗೆ, ಸೀಲಿಂಗ್ ಫ್ಯಾನಿಗೆ, ಟೀವಿಯಲ್ಲಿ ಸುದ್ದಿ ಓದುವವರಿಗೆ, ಎಲ್ಲರಿಗೂ ಒಂದೊಂದು ಪಾಲು ಇತ್ತು.

ಬಿಸಿಯನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಅವಳನ್ನು ಹೆದರಿಸಿದ್ದು ಮರೆವು. ಜನವರಿಯಲ್ಲಿ ಒಂದು ದಿನ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿ, ತರಕಾರಿ ಕೊಂಡು, ಆಟೋ ಹತ್ತಿ ಮನೆಗೆ ಬಂದುಬಿಟ್ಟಿದ್ದಳು. ಸ್ಕೂಟರು ಕಳುವಾಯಿತೆಂದು ಬೊಬ್ಬೆ ಹೊಡೆದ ಮೇಲೆ ಆದಿಲ್ ಹೋಗಿ, ಅವಳು ನಿಲ್ಲಿಸಿದ ಜಾಗದಿಂದಲೇ ಅದನ್ನು ತಂದ. ಅಂದಿನಿಂದ ಸ್ಕೂಟರಿನ ಕೀ ಅಸ್ಗರನ ಅಂಗಿಯ ಜೇಬಿನಲ್ಲಿತ್ತು. "ಹಬ್ಬದವರೆಗೆ ಏನೂ ಎಡವಟ್ಟು ಆಗ್ದಿದ್ರೆ ವಾಪಸ್ ಕೊಡ್ತೀನಿ," ಎಂದಿದ್ದ. ಕೀ ಹೋದ ಮೇಲೆ ತರಕಾರಿ, ತವರು, ಗೆಳತಿ ಎಲ್ಲದಕ್ಕೂ ಯಾರನ್ನಾದರೂ ಕೇಳಿಯೇ ಹೋಗಬೇಕಾಗಿತ್ತು. ಅದಕ್ಕಿಂತ ದೊಡ್ಡ ಭಯ ಒಳಗಿತ್ತು. ಅವಳ ತಾಯಿ ಕೊನೆಗಾಲದಲ್ಲಿ ಅವಳ ಮುಖ ನೋಡಿ, "ನೀನು ಯಾರ ಮಗಳಮ್ಮ?" ಎಂದು ಕೇಳಿದ್ದರು. ಅದು ಶುರುವಾದದ್ದೂ ಇಂಥ ಸಣ್ಣಪುಟ್ಟ ಮರೆವಿನಿಂದಲೇ.

ಹತ್ತನೇ ರೋಜಾದ ದಿನ ನೌರೀನ್ ಅಡುಗೆಮನೆಗೆ ಬಂದು, "ಭಾಭಿ, ಇವತ್ತಿಂದ ಉಪ್ಪು ನಾನು ನೋಡ್ತೀನಿ," ಎಂದಳು. ಅಷ್ಟು ಹೇಳಿದರೆ ಸಾಕು, ರಜೆ ಎಂದು ಅರ್ಥ. ಮುಖ ಬಾಡಿತ್ತು. ಕುಲ್ಸುಂಗೆ ಕನಿಕರವಾಯಿತು. ಎರಡು ದಿನ ಬಿಟ್ಟು ಮಧ್ಯಾಹ್ನ ಅವಳಿಗೆಂದೇ ಕೆನೆ ಹಾಕಿದ ಚಹಾ ಮಾಡಿ, ಪರದೆಯ ಹಿಂದೆ ಕೂತು ಕುಡಿ ಎಂದು ಕೈಗೆ ಕೊಟ್ಟಳು. ಹತ್ತು ನಿಮಿಷದಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ಹೋದರೆ ಮೋರಿಯ ಬಾಯಲ್ಲಿ ಹಾಲಿನ ಬಣ್ಣದ ನೀರು, ಜಾಲರಿಗೆ ಅಂಟಿದ ಕೆನೆ.

"ಚಹಾ ಚೆಲ್ಲಿಬಿಟ್ಯಾ?"

"ಇಲ್ಲ ಭಾಭಿ, ಕುಡಿದ್ನಲ್ಲ," ಎಂದಳು ನೌರೀನ್, ಕಣ್ಣು ಮಿಟುಕಿಸದೆ. "ಕಪ್ಪು ನೀವೇ ಇಸ್ಕೊಂಡು ತೊಳೆದಿಟ್ರಿ. ನೆನಪಿಲ್ವಾ?"

ಕುಲ್ಸುಂ ತನ್ನ ಕೈ ನೋಡಿಕೊಂಡಳು. ಒದ್ದೆಯಾಗಿತ್ತು. ಅಡುಗೆಮನೆಯಲ್ಲಿರುವವಳ ಕೈ ಯಾವಾಗ ಒದ್ದೆ ಇರುವುದಿಲ್ಲ? ಆದರೂ ಹೋಗಿ ಕಪ್ಪುಗಳನ್ನು ಎಣಿಸಿ ನೋಡಿದಳು.

ಹದಿನಾಲ್ಕನೇ ರೋಜಾಕ್ಕೆ ಅಸ್ಗರ್ ಎಂಟು ಜನ ಗೆಳೆಯರನ್ನು ಇಫ್ತಾರಿಗೆ ಕರೆದಿದ್ದ. ದೊಡ್ಡ ಹಂಡೆಯಲ್ಲಿ ಮಟನ್ ಗಂಜಿ. ಕುಲ್ಸುಂ ಸೌಟಿನಲ್ಲಿ ಸ್ವಲ್ಪ ತೆಗೆದು ನೌರೀನ್‌ಗೆ ಕೊಟ್ಟಳು. ನೌರೀನ್ ಕಿಟಕಿಯ ಕಡೆ ತಿರುಗಿ, ಆರಿಸಿ, ಬಾಯಿಗೆ ಹಿಡಿದು, "ಸರಿ ಇದೆ, ಭಾಭಿ," ಎಂದಳು. ಸಂಜೆ ಮೊದಲ ಬಟ್ಟಲಿಗೇ ಹೊರಗಿನ ಕೋಣೆಯಲ್ಲಿ ಎಲ್ಲರ ಚಮಚ ನಿಂತಿತು. ಗಂಜಿ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಇಡೀ ದಿನ ಒಣಗಿದ ಗಂಟಲಿಗೆ ಹಾಕಿದ ಮೊದಲ ಗುಟುಕು ಅದು. ಅತಿಥಿಗಳು ಮರ್ಯಾದೆಗೆ ಎರಡು ಗುಟುಕು ನುಂಗಿ ಖರ್ಜೂರಕ್ಕೆ ಕೈಚಾಚಿದರು.

ಎರಡು ಸಲ ಉಪ್ಪು ಹಾಕಿದ್ದು ತಾನೇ ಇರಬೇಕೆಂದು ಕುಲ್ಸುಂ ಒಪ್ಪಿಕೊಂಡಳು. ಅಂಥದ್ದನ್ನು ಹಿಡಿಯುವುದಕ್ಕೇ ಅಲ್ಲವೇ ಉಪ್ಪು ನೋಡುವವಳೊಬ್ಬಳು ಇರುವುದು? ಅತಿಥಿಗಳು ಹೋದ ಮೇಲೆ ಅಮ್ಮಿಯ ಮುಂದೆ ಅವಳು ಕೇಳಿಯೇಬಿಟ್ಟಳು.

"ನೌರೀನ್, ನಿನಗೆ ಕೊಟ್ಟಿದ್ನಲ್ಲ. ಸರಿ ಇದೆ ಅಂದ್ಯಲ್ಲ?"

ನೌರೀನ್ ಮುಖ ಬಿಳುಚಿತು. "ನೀವು ಕೊಡಲೇ ಇಲ್ಲ, ಭಾಭಿ."

ಅಮ್ಮಿ ನಿಟ್ಟುಸಿರು ಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಅಸ್ಗರ್ ಬೈಯಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾಯಿತು. "ಹಬ್ಬ ಆಗ್ಲಿ. ಒಬ್ಬ ತಲೆ ಡಾಕ್ಟರ್ ಹತ್ರ ಹೋಗಿ ಬರೋಣ," ಎಂದು ಮೆಲ್ಲಗೆ ಹೇಳಿ ಹೋದ.

ನೌರೀನ್ ಸುಳ್ಳು ಹೇಳಿರಬೇಕು, ಇಲ್ಲವೇ ತನ್ನ ತಲೆ ಹೋಗಿರಬೇಕು. ಎರಡರಲ್ಲಿ ಒಂದು ನಿಜವಾಗಲೇಬೇಕಿತ್ತು. ತಂಗಿಯಂತೆ ಹನ್ನೆರಡು ವರ್ಷ ಜೊತೆಗಿದ್ದವಳು ಸುಳ್ಳಿಯೇ ಆಗಿರಲಿ, ಕಳ್ಳಿಯೇ ಆಗಿರಲಿ ಎಂದು ಕುಲ್ಸುಂ ಮನಸಾರೆ ಬಯಸಿದಳು.

ಮಾರನೇ ದಿನದಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಗುಮಾನಿ ಒಮ್ಮೆ ಮನೆಯೊಳಗೆ ಕಾಲಿಟ್ಟರೆ ಎಲ್ಲ ವಸ್ತುಗಳೂ ಸಾಕ್ಷಿ ಹೇಳತೊಡಗುತ್ತವೆ. ಮಧ್ಯಾಹ್ನ ನೌರೀನ್‌ಗೆ ಬಡಿಸಿದ ಖಿಚಡಿಯ ತಟ್ಟೆ ಖಾಲಿಯಾಗಿ ಬಂತು. ಅರ್ಧ ಗಂಟೆಯಲ್ಲಿ ತಾರಸಿಯ ಮೇಲೆ ಕಾಗೆಗಳ ಗಲಾಟೆ. ಹೋಗಿ ನೋಡಿದರೆ ಅವುಗಳ ಕೊಕ್ಕಿನಲ್ಲಿ ತಾನೇ ಬೇಯಿಸಿದ ಖಿಚಡಿ. ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳಿದ್ದವು, ಸಣ್ಣ ಪಾದದವು. ಅವು ಹಳೆ ಸಾಮಾನು ತುಂಬಿದ ಕೋಣೆಯವರೆಗೆ ಹೋಗಿದ್ದವು. ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿಯಲು ಎತ್ತಿದ ಕೈಯನ್ನು ಕುಲ್ಸುಂ ಇಳಿಸಿದಳು. ಒಳಗೆ ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಿರಬೇಕು ಎಂದುಕೊಂಡಳು. ಕಿವಿಗೊಟ್ಟರೆ ಪಿಸುಗುಟ್ಟಿದ ಹಾಗೆ ಕೇಳಿಸಿತು, ಅಷ್ಟೆ.

ಗುಮಾನಿ ಅವಳೊಬ್ಬಳದೇ ಆಗಿರಲಿಲ್ಲ. ಆ ಸಂಜೆ ಅಮ್ಮಿ ಅವಳ ಮಣಿಕಟ್ಟು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಬಚ್ಚಲಿನ ಕಸದ ಬುಟ್ಟಿ ನೋಡಿದ್ದೀಯಾ? ಐದು ದಿನದಿಂದ ಖಾಲಿ. ರಜೆ ಅಂತಾಳೆ, ಬುಟ್ಟಿಯಲ್ಲಿ ಏನೂ ಇಲ್ಲ. ನನಗನ್ನಿಸುತ್ತೆ, ಮತ್ತೆ ಒಳ್ಳೇ ಸುದ್ದಿ ಇದೆ. ಹೋದ ವರ್ಷದ ಹಾಗೆ ದೃಷ್ಟಿ ತಾಗಬಾರದು ಅಂತ ಮುಚ್ಚಿಡ್ತಿದ್ದಾಳೆ. ನೀನು ಅವಳ ಮೇಲೆ ಒಂದು ಕಣ್ಣಿಟ್ಟಿರು. ಖಾತ್ರಿ ಆದ್ರೆ ಹೇಳು, ರಿಜ್ವಾನ್‌ಗೆ ನಾನೇ ಹೇಳ್ತೀನಿ."

ಹೋದ ವರ್ಷದ್ದು ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಹೋದ ರಂಜಾನಿನಲ್ಲಿ ನೌರೀನ್ ಒಂದು ದಿನವೂ ರಜೆ ತೆಗೆದುಕೊಂಡಿರಲಿಲ್ಲ. ಮೂವತ್ತೂ ರೋಜಾ ಎಣಿಸಿದ ಅಮ್ಮಿ, ಇದು ಗರ್ಭವೇ ಸೈ ಎಂದು ತೀರ್ಮಾನಿಸಿ ಮಗನಿಗೆ ಹೇಳಿದ್ದರು. ಮಗಳು ಮಾಹಿರಾ ಹುಟ್ಟಿ ಹತ್ತು ವರ್ಷವಾದ ಮೇಲೆ ಬಂದ ಸುದ್ದಿ. ರಿಜ್ವಾನ್ ಗಲ್ಲಿಗೆಲ್ಲ ಮಿಠಾಯಿ ಹಂಚಿ, ಮುಷ್ಟಿಯಷ್ಟು ಪುಟ್ಟ ಉಲ್ಲನ್ ಟೋಪಿ ಕೊಂಡು ತಂದಿದ್ದ. ಹಬ್ಬವಾಗಿ ಹದಿನೈದು ದಿನಕ್ಕೆ ನೌರೀನ್, "ನಿಲ್ಲಲಿಲ್ಲ," ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕುಲ್ಸುಂ ಎರಡು ವಾರ ಅವಳಿಗೆ ತುಪ್ಪ ಬಾದಾಮಿಯ ಹರೀರಾ ಕುಡಿಸಿ, ಕಾಲೊತ್ತಿ, ತಲೆ ಬಾಚಿದ್ದಳು.

ಮತ್ತೆ ಬಸುರಾಗಿದ್ದರೆ ಸಂತೋಷವೇ. ಅದಕ್ಕೆ ಭಾಭಿಯನ್ನು ಹುಚ್ಚಿ ಮಾಡುವುದು ಯಾಕೆ? ಕುಲ್ಸುಂಗೆ ಲೆಕ್ಕ ಹೊಂದಲಿಲ್ಲ.

ಹದಿನಾರನೇ ರೋಜಾದ ಮಧ್ಯಾಹ್ನ ಭಾಗ್ಯಲಕ್ಷ್ಮಿ ಬಂದಳು. ಮರ್ಫಿ ಟೌನಿನವಳು, ಮನೆಯಲ್ಲೇ ಸೀರೆಗೆ ಫಾಲ್ ಹೊಲಿಯುವ, ಬ್ಲೌಸಿಗೆ ಹುಕ್ಕು ಹಾಕುವ ಕೆಲಸ. ಇಪ್ಪತ್ತು ವರ್ಷದಿಂದ ಇವರ ಅಂಗಡಿಯಲ್ಲೇ ಸಾಮಾನು ಕೊಳ್ಳುತ್ತ ಕುಲ್ಸುಂಗೆ ಗೆಳತಿಯಾದವಳು. ರಂಜಾನಿನಲ್ಲಿ ಒಂದು ದಿನ ಸಮೋಸ ಮಡಚಲು ಬಂದು, ಇಫ್ತಾರ್ ಮುಗಿಸಿಕೊಂಡು ಹೋಗುವುದು ಅವಳ ರೂಢಿ. ಈ ಸಲ ಬಂದವಳೇ ಧ್ವನಿ ತಗ್ಗಿಸಿದಳು.

"ಅಕ್ಕ, ನಿಮ್ ಓರಗಿತ್ತೀನ ಹೋದ್ವಾರ ಹಲಸೂರಲ್ಲಿ ನೋಡ್ದೆ. ಒಬ್ರೇ ಇದ್ರು. ಕೂಗಿದ್ರೆ ತಿರುಗಿ ಕೂಡ ನೋಡ್ಲಿಲ್ಲ, ಸರಸರ ಅಂತ ಹೋಗ್ಬಿಟ್ರು."

ಹಲಸೂರಿನಲ್ಲಿ ಇವರ ನೆಂಟರು ಯಾರೂ ಇಲ್ಲ. ಕುಲ್ಸುಂ ಎಲ್ಲವನ್ನೂ ಹೇಳಿಕೊಂಡಳು: ಚಹಾ, ಉಪ್ಪು, ಕಾಗೆ, ಚಿಲಕ. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. "ನಂಗೇ ಹುಚ್ಚು ಹಿಡೀತಿದ್ಯೋ ಏನೋ, ಭಾಗ್ಯ. ನಮ್ಮಮ್ಮನ ಹಾಗೆ."

"ಥೂ, ಬಿಡ್ತು ಅನ್ನಿ. ನಂಗೆ ಮೂವತ್ನಾಲ್ಕಕ್ಕೇ ಗರ್ಭಕೋಶ ತೆಗ್ದ್‌ಬಿಟ್ರು. ಎರಡು ಮಕ್ಳಾಗಿದೆ, ಇನ್ಯಾಕದು ಅಂದ್ರು. ಆಪರೇಷನ್ ಆದ್ಮೇಲೆ ಮೈಯೆಲ್ಲ ಬೆಂಕಿ ಬಿದ್ದಂಗಾಗತ್ತೆ ಅಂತ ಒಬ್ರೂ ಹೇಳ್ಲಿಲ್ಲ. ಮಷಿನ್ ಮುಂದೆ ಕೂತ್ಕೊಂಡು ಅಳ್ತಿದ್ದೆ, ಯಾಕ್ ಅಳ್ತಿದೀನಿ ಅಂತ ನಂಗೇ ಗೊತ್ತಿಲ್ಲ. ಒಂದ್ಸಲ ಒಂದೇ ಸೀರೆಗೆ ಎರಡು ಫಾಲ್ ಹೊಲ್ದಿದ್ದೆ! ಎರಡು ವರ್ಷ ಹಂಗಿತ್ತು, ಆಮೇಲೆ ತಾನಾಗೇ ಹೋಯ್ತು." ಭಾಗ್ಯಲಕ್ಷ್ಮಿ ಸೆರಗಿನಿಂದ ಅವಳ ಕಣ್ಣೊರೆಸಿದಳು. "ತಲೆ ನಿಮ್ದು ಸರಿಯಾಗಿದ್ಯೋ ಇಲ್ವೋ, ಇವತ್ತೇ ನೋಡ್ಬಿಡಣ. ಉಪ್ಪಿನ ಡಬ್ಬ ಕೊಡಿ ಇಲ್ಲಿ."

ಕುಲ್ಸುಂ ಉಪ್ಪಿನ ಡಬ್ಬವನ್ನು ತೆಗೆದು ಅವಳ ಕೈಗೆ ಕೊಟ್ಟಳು. ಭಾಗ್ಯಲಕ್ಷ್ಮಿ ಅದನ್ನು ತನ್ನ ಬಟ್ಟೆ ಚೀಲದ ತಳಕ್ಕೆ ಹಾಕಿ ಗಂಟು ಬಿಗಿದಳು. ಈಗ ಮರೆತು ಹಾಕುವ ಮಾತೇ ಇಲ್ಲ. ನಾಲ್ಕು ಗಂಟೆಗೆ ಗಂಜಿ ಕುದಿದಾಗ ಮೊದಲು ಭಾಗ್ಯಲಕ್ಷ್ಮಿಯೇ ರುಚಿ ನೋಡಿ ಮುಖ ಕಿವುಚಿದಳು. "ಕಾಳಷ್ಟೂ ಉಪ್ಪಿಲ್ಲ." ನೌರೀನ್ ನೋಡಿದ ಕೂಡಲೇ ಡಬ್ಬ ಹೊರತೆಗೆದು ಉಪ್ಪು ಹಾಕುವುದು, ಆಮೇಲೆ ಅಮ್ಮಿಯ ಮುಂದೆ ಪಂಚಾಯ್ತಿ ಮಾಡುವುದು ಎಂದು ಇಬ್ಬರೂ ಗೊತ್ತುಮಾಡಿಕೊಂಡರು.

ನೌರೀನ್ ಬಂದಳು. ಕುಲ್ಸುಂ ಸೌಟು ಕೊಟ್ಟಳು. ನೌರೀನ್ ಕಿಟಕಿಯ ಕಡೆ ತಿರುಗಿದಳು. ಸೌಟು ತುಟಿಯ ಹತ್ತಿರ ಹೋಯಿತು, ಗಂಟಲು ನುಂಗಿದ ಹಾಗೆ ಅಲುಗಿತು.

"ಸರಿ ಇದೆ, ಭಾಭಿ."

ಭಾಗ್ಯಲಕ್ಷ್ಮಿ ಸಮೋಸ ಮಡಚುತ್ತಲೇ ಕಣ್ಣರಳಿಸಿದಳು. ನೌರೀನ್ ಸೌಟನ್ನು ತೊಳೆದಿಟ್ಟು ಹೊರಟುಹೋದಳು. ಕುಲ್ಸುಂಳ ಮೈಯೆಲ್ಲ ಹಗುರಾಯಿತು. ಅಳು ಬಂತು, ನಗು ಬಂತು. ತನ್ನ ತಲೆ ತನ್ನ ಹತ್ತಿರವೇ ಇತ್ತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು, ಈ ಸಲ ಅದು ಬರೀ ವಯಸ್ಸಿನ ಬಿಸಿಯಲ್ಲ. ಮೂರು ದಿನ ತನ್ನನ್ನು ಸುಟ್ಟವಳನ್ನು ಸುಮ್ಮನೆ ಬಿಡಬಾರದು. ಉಪ್ಪಿನ ಡಬ್ಬವನ್ನೂ ಅಮ್ಮಿಯನ್ನೂ ಬಿಟ್ಟು ಅವಳು ನೇರ ಮೆಟ್ಟಿಲು ಹತ್ತಿದಳು.

ಅಸರ್ ನಮಾಜಿನ ಇಳಿಹೊತ್ತು. ಮೆಟ್ಟಿಲ ಮೇಲೆ ಮತ್ತೆ ಒದ್ದೆ ಹೆಜ್ಜೆಗಳು. ಇವತ್ತು ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ತಳ್ಳಿದರೆ ಬಾಗಿಲು ತೆರೆದುಕೊಂಡಿತು. ಹಳೆಯ ಸೋಫಾ ಮತ್ತು ಲೈನಿಂಗ್ ಬಟ್ಟೆಯ ಥಾನುಗಳ ನಡುವೆ, ಮಡಚಿದ ಹಳೇ ಚಾದರದ ಮೇಲೆ ನೌರೀನ್ ಹಣೆ ನೆಲಕ್ಕೆ ಹಚ್ಚಿದ್ದಳು. ರಜೆಯವಳು ನಮಾಜು ಮಾಡುತ್ತಿದ್ದಳು.

ಫೋನಿಲ್ಲ, ಪರಪುರುಷನಿಲ್ಲ. ಒದ್ದೆ ಹೆಜ್ಜೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂವಿನದು. ಕುಲ್ಸುಂ ಬಾಯಿ ತೆರೆದು ನಿಂತಳು. ಒಂದೊಂದೇ ಅರ್ಥವಾಗತೊಡಗಿತು: ಮೋರಿಗೆ ಹೋದ ಚಹಾ, ಕಾಗೆಗೆ ಹಾಕಿದ ಖಿಚಡಿ, ತುಟಿಗೆ ತಾಗದ ಸೌಟು. ಇವಳು ರೋಜಾ ಬಿಟ್ಟು ಹಿಡಿದಂತೆ ನಟಿಸುತ್ತಿರಲಿಲ್ಲ. ಹಿಡಿದು, ಬಿಟ್ಟಂತೆ ನಟಿಸುತ್ತಿದ್ದಳು.

ನಮಾಜು ಮುಗಿಸಿ ತಿರುಗಿದ ನೌರೀನ್ ಅವಳನ್ನು ನೋಡಿ ಅಲ್ಲೇ ಕುಸಿದಳು.

"ಬಸುರಿಯಾ?" ಎಂದಳು ಕುಲ್ಸುಂ.

"ಇಲ್ಲ ಭಾಭಿ. ಇನ್ಯಾವತ್ತೂ ಆಗಲ್ಲ. ನಿಂತುಹೋಗಿದೆ."

"ಏನು ನಿಂತಿದೆ?"

"ನಿಮಗೆ ನಿಂತಿರೋದೇ. ನಿಮಗಿಂತ ಮೊದಲೇ ನಿಂತಿದೆ, ಹೋದ ವರ್ಷ ರಂಜಾನಿಗೂ ಮುಂಚೆ. ಹಲಸೂರಿನ ಡಾಕ್ಟರಮ್ಮ ಮೂರು ಸಲ ರಕ್ತ ಪರೀಕ್ಷೆ ಮಾಡಿಸಿದ್ರು. ಕೆಲವರಿಗೆ ನಲವತ್ತಕ್ಕೆ ಮುಂಚೆಯೇ ಹೀಗಾಗತ್ತಂತೆ, ಯಾರ ತಪ್ಪೂ ಅಲ್ವಂತೆ."

"ಹಾಗಾದ್ರೆ ಹೋದ ವರ್ಷ? ನಿಲ್ಲಲಿಲ್ಲ ಅಂದ್ಯಲ್ಲ?"

ನೌರೀನ್ ತಲೆಯೆತ್ತಲಿಲ್ಲ. "ಏನೂ ಇರಲೇ ಇಲ್ಲ. ಅಮ್ಮಿ ರೋಜಾ ಎಣಿಸಿ ಅವರಿಗೆ ಹೇಳಿಬಿಟ್ರು. ನಾನೂ ನಂಬಿದ್ದೆ, ಭಾಭಿ. ಹಬ್ಬ ಆದ್ಮೇಲೆ ಪರೀಕ್ಷೆ ಮಾಡಿಸಿದಾಗ ಗೊತ್ತಾಯ್ತು. ಅವರು ಆ ಟೋಪಿ ಕೈಯಲ್ಲಿ ಹಿಡ್ಕೊಂಡು ಕೂತಿದ್ರು. ಇರಲೇ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಹೋಯ್ತು ಅಂದೆ. ಮುಂದಿನ ಸಲ ಆಗತ್ತೆ ಬಿಡು ಅಂತ ನಂಗೇ ಸಮಾಧಾನ ಹೇಳಿದ್ರು. ಈ ಸಲಾನೂ ಮೂವತ್ತೂ ಹಿಡಿದ್ರೆ ಅಮ್ಮಿ ಮತ್ತೆ ಎಣಿಸ್ತಾರೆ. ಮತ್ತೆ ಮಿಠಾಯಿ, ಮತ್ತೆ ಟೋಪಿ. ರೋಜಾ ಬಿಡೋಣ ಅಂದ್ರೆ ಕಾರಣ ಇಲ್ಲ, ಅದು ಪಾಪ. ಅದಕ್ಕೇ..."

ಕುಲ್ಸುಂಗೆ ಆ ಎರಡು ವಾರದ ಹರೀರಾ ನೆನಪಾಯಿತು. ಇಲ್ಲದ ಬಾಣಂತನ ಮಾಡಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. "ಅವರ ಮುಂದೆ ಸುಳ್ಳು ಹೇಳ್ದೆ, ಆಯ್ತು. ನನ್ನ ಯಾಕೆ ಹುಚ್ಚಿ ಮಾಡ್ದೆ? ನಮ್ಮಮ್ಮ ಹೇಗೆ ಹೋದ್ರು ಅಂತ ಗೊತ್ತಿದ್ದೂ, ನೀವು ಕೊಡಲೇ ಇಲ್ಲ ಅಂದ್ಯಲ್ಲೇ! ಮೂರು ದಿನ ನಾನು ಕನ್ನಡಿ ಮುಂದೆ ನಿಂತು ಮಕ್ಕಳ ಹೆಸರು ಬಾಯಿಪಾಠ ಮಾಡಿದ್ದೀನಿ, ಗೊತ್ತಾ?"

ನೌರೀನ್ ಅವಳ ಪಾದ ಹಿಡಿಯಲು ಬಂದಳು. ಕುಲ್ಸುಂ ಕಾಲು ಹಿಂದೆಳೆದುಕೊಂಡಳು. ಆ ಗಳಿಗೆಯಲ್ಲಿ ಕ್ಷಮಿಸುವ ಮನಸ್ಸು ಅವಳಿಗೆ ಸ್ವಲ್ಪವೂ ಇರಲಿಲ್ಲ.

"ತಪ್ಪಾಯ್ತು. ಬಾಯಿಗೆ ಬಂದಿದ್ದು ಅದೊಂದೇ," ಎಂದಳು ನೌರೀನ್. ಅವಳ ಕುತ್ತಿಗೆ ಕೆಂಪಗಾಗಿ ಬೆವರು ಇಳಿಯುತ್ತಿತ್ತು. ದುಪಟ್ಟಾದ ತುದಿಯಿಂದ ಒತ್ತಿಕೊಂಡಳು. ಕುಲ್ಸುಂ ಆ ಕೆಂಪನ್ನು ಚೆನ್ನಾಗಿ ಬಲ್ಲಳು. "ನೀವು ಫ್ರಿಜ್ಜು ತೆಗೆದು ನಿಂತಾಗೆಲ್ಲ ನಾನು ಮೊಸರು ಬೇಕು ಅಂತ ಹಿಂದೆ ಬಂದು ನಿಲ್ತಿದ್ನಲ್ಲ. ಮೊಸರು ಬೇಕಿರ್ಲಿಲ್ಲ, ಭಾಭಿ. ಆ ತಣ್ಣನೆ ಗಾಳಿ ಸ್ವಲ್ಪ ನಂಗೂ ಬೀಳ್ಲಿ ಅಂತ. ನೀವು ಬೈತಿದ್ರಿ, ಕೂಗಾಡ್ತಿದ್ರಿ, ಎಲ್ಲರೂ ನಗ್ತಿದ್ರು. ನಂಗೆ ನಿಮ್ಮನ್ನ ನೋಡಿ ಹೊಟ್ಟೆಕಿಚ್ಚಾಗ್ತಿತ್ತು."

ಕುಲ್ಸುಂ ಥಾನುಗಳ ಮೇಲೆ ಕೂತುಬಿಟ್ಟಳು. ಹೊರಗೆ ಬಿಸಿಲು ಇಳಿಯುತ್ತ ಬಂತು. ಆಮೇಲೆ ಕುಲ್ಸುಂ ರಟ್ಟಿನ ತುಂಡೊಂದನ್ನು ಹೆಕ್ಕಿ ತನಗೆ ಬೀಸಿಕೊಳ್ಳತೊಡಗಿದಳು. ಬೀಸುತ್ತ ಬೀಸುತ್ತ ಅದನ್ನು ಸ್ವಲ್ಪ ನೌರೀನಳ ಕಡೆ ತಿರುಗಿಸಿದಳು. ರಿಜ್ವಾನ್‌ಗೆ ಯಾವತ್ತಾದರೂ ಹೇಳಲೇಬೇಕಲ್ಲ ಎಂದಳು. ಹಬ್ಬ ಆದ ಮೇಲೆ ನಾನೇ ಹೇಳ್ತೀನಿ, ಅಲ್ಲಿವರೆಗೆ ಯಾರಿಗೂ ಬೇಡ ಎಂದಳು ನೌರೀನ್. ಕೆಳಗಿನಿಂದ ಮಾಹಿರಾ, "ದೊಡ್ಡಮ್ಮಾ, ಇನ್ನು ಎರಡೇ ನಿಮಿಷ!" ಎಂದು ಕೂಗಿದಾಗಲೇ ಇಬ್ಬರೂ ಎದ್ದು ಓಡಿದ್ದು.

ಮನೆಮಂದಿಯೆಲ್ಲ ಚಾಪೆಯ ಸುತ್ತ ಕೂತಿದ್ದರು. ಆದಿಲ್ ಮತ್ತು ಭಾಗ್ಯಲಕ್ಷ್ಮಿ ಬಟ್ಟಲುಗಳಿಗೆ ಗಂಜಿ ಬಡಿಸಿಯಾಗಿತ್ತು. ಅಜಾನ್ ಕೇಳಿಸಿತು. ಖರ್ಜೂರ ತಿಂದು, ನೀರು ಕುಡಿದು, ಅಸ್ಗರ್ ಮೊದಲ ಚಮಚ ಬಾಯಿಗಿಟ್ಟ. ಅವನ ಮುಖ ನೋಡಿದಾಗ ಕುಲ್ಸುಂಗೆ ನೆನಪಾಯಿತು. ಉಪ್ಪು ಹಾಕುವುದು ಮರೆತಿತ್ತು. ಈ ಸಲ ನಿಜವಾಗಿಯೂ ಮರೆತಿತ್ತು, ಅವಳು ಬರಲೆಂದು ಕಾದು ಕೂತಿದ್ದ ಭಾಗ್ಯಲಕ್ಷ್ಮಿಗೂ.

ಅಮ್ಮಿ ಚಮಚ ಕೆಳಗಿಟ್ಟರು. "ಮೊನ್ನೆ ಸಮುದ್ರ, ಇವತ್ತು ಸಪ್ಪೆ. ಇವತ್ತು ಉಪ್ಪು ಯಾರು ನೋಡಿದ್ದು?"

ಗಂಡಸರು ಬಟ್ಟಲೊಳಗೆ ಕಣ್ಣಿಟ್ಟರು. ಅಮ್ಮಿಯ ನೋಟ ಮೆಲ್ಲಗೆ ನೌರೀನಳ ಮೇಲೆ ಹೋಗಿ ನಿಂತಿತು. ಅಲ್ಲಿಂದ ಅವಳ ಹೊಟ್ಟೆಗೆ ಇಳಿಯಿತು. ನೋಡಿದ್ದರೆ ಗೊತ್ತಾಗದೆ ಇರುತ್ತದೆಯೇ? ಬಾಯಿಗಿಡಲಿಲ್ಲ ಎಂದರೆ ರೋಜಾ ಇದೆ, ರೋಜಾ ಇದ್ದರೆ ರಜೆ ಸುಳ್ಳು, ರಜೆ ಸುಳ್ಳೆಂದರೆ... ಅಮ್ಮಿಯ ಸುಕ್ಕುಗಟ್ಟಿದ ತುಟಿಯಲ್ಲಿ ನಗು ಮೂಡುವುದನ್ನು ಕುಲ್ಸುಂ ಕಂಡಳು. ಅದು ಹೋದ ವರ್ಷದ ನಗುವೇ. ಪಕ್ಕದಲ್ಲಿ ಕೂತ ರಿಜ್ವಾನ್ ತಾಯಿಯ ಮುಖ ನೋಡುತ್ತಿದ್ದ. ಅವನ ಮುಖದಲ್ಲೂ ಏನೋ ಬೆಳಗತೊಡಗಿತ್ತು.

ಭಾಗ್ಯಲಕ್ಷ್ಮಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ನಾನೇ ಕಣ್ಣಾರೆ ನೋಡ್ದೆ, ಇವ್ರು..." ಎಂದು ಶುರುಮಾಡಿದಳು. ಚಾಪೆಯ ಅಂಚಿನಲ್ಲಿ ಕುಲ್ಸುಂ ಅವಳ ಕಾಲ್ಬೆರಳನ್ನು ಬಲವಾಗಿ ಒತ್ತಿದಳು.

"ಯಾರೂ ನೋಡಿಲ್ಲ, ಅಮ್ಮಿ," ಎಂದಳು ಕುಲ್ಸುಂ. "ನೌರೀನ್ ಕೇಳಿದ್ಲು, ಆಮೇಲೆ ಕೊಡ್ತೀನಿ ಅಂದು ಮರೆತುಬಿಟ್ಟೆ. ಮೊನ್ನೇನೂ ಅಷ್ಟೇ. ಅವಳಿಗೆ ಕೊಟ್ಟೆ ಅಂದ್ನಲ್ಲ, ಕೊಟ್ಟಿರ್ಲಿಲ್ಲ. ಅವಳು ಹೇಳಿದ್ದೇ ನಿಜ."

ಅಮ್ಮಿಯ ನಗು ಅಲ್ಲೇ ಆರಿತು. ರಿಜ್ವಾನ್ ಮತ್ತೆ ಬಟ್ಟಲು ನೋಡಿದ. ಆದಿಲ್ ಎದ್ದು ಅಡುಗೆಮನೆಗೆ ಹೋಗಿ, "ಮಮ್ಮಿ, ಉಪ್ಪಿನ ಡಬ್ಬಾನೇ ಇಲ್ಲ!" ಎಂದು ಕೂಗಿದ. ಬೇರೆ ದಾರಿ ಕಾಣದೆ ಭಾಗ್ಯಲಕ್ಷ್ಮಿ ತನ್ನ ಚೀಲದ ಗಂಟು ಬಿಚ್ಚಿ, ಮಡಚಿದ ಸೀರೆಗಳ ಕೆಳಗಿಂದ ಡಬ್ಬವನ್ನು ಹೊರತೆಗೆದಳು. ಎಲ್ಲರೂ ಡಬ್ಬವನ್ನು ನೋಡಿದರು, ಆಮೇಲೆ ಕುಲ್ಸುಂಳನ್ನು ನೋಡಿದರು.

"ಅದನ್ನೂ ನಾನೇ ಹಾಕಿದ್ದೆ," ಎಂದಳು ಕುಲ್ಸುಂ. "ಯಾಕೆ ಅಂತ ಕೇಳ್ಬೇಡಿ."

ಅಸ್ಗರನ ಕೈ ಅಂಗಿಯ ಜೇಬಿಗೆ ಹೋಯಿತು. ಸ್ಕೂಟರಿನ ಕೀ ಹೊರಗೆ ಬಂತು, ಒಂದು ಗಳಿಗೆ ಅಂಗೈಯಲ್ಲಿ ಕೂತಿತು. ಅವನು ಅದನ್ನು ಆದಿಲ್ ಕೈಗೆ ಕೊಟ್ಟು, "ಇನ್ಮೇಲೆ ನೀನೇ ಓಡಿಸ್ಕೋ," ಎಂದ. ಆ ಕೀಯ ಮೇಲೆ ಕುಲ್ಸುಂಗೆ ಎಷ್ಟು ಆಸೆಯಿತ್ತೆಂದು ಅವಳಿಗೇ ಆಗ ತಿಳಿದದ್ದು. ಆದರೆ ತಲೆ ಕೆಟ್ಟಿಲ್ಲವೆಂದು ಅವಳಿಗೆ ಗೊತ್ತಿತ್ತು, ಆ ಚಾಪೆಯ ಮೇಲೆ ಇನ್ನಿಬ್ಬರಿಗೂ ಗೊತ್ತಿತ್ತು. ಸದ್ಯಕ್ಕೆ ಅಷ್ಟು ಸಾಕು ಎಂದುಕೊಂಡಳು.

ನೌರೀನ್ ಎದ್ದಳು. ಡಬ್ಬ ತೆಗೆದುಕೊಂಡು ಒಬ್ಬೊಬ್ಬರ ಬಟ್ಟಲಿಗೂ ಚಿಟಿಕೆ ಉಪ್ಪು ಹಾಕುತ್ತ ಬಂದಳು. ಕುಲ್ಸುಂಳ ಬಟ್ಟಲಿಗೆ ಬಂದಾಗ ಒಂದಿಷ್ಟು ಚಾಪೆಗೆ ಉದುರಿತು. ಕುಲ್ಸುಂ ಗಂಜಿಯನ್ನು ಕಲಕಿ, ಚಮಚ ತುಂಬಿ, ಎಲ್ಲರೆದುರು ಅವಳ ಮುಂದೆ ಹಿಡಿದಳು.

"ನೋಡಿ ಹೇಳು."

ನೌರೀನ್ ಕಿಟಕಿಯ ಕಡೆ ತಿರುಗಲಿಲ್ಲ. ಬೆಳಗಿನಿಂದ ಒಣಗಿದ್ದ ಬಾಯಿಗೆ ಚಮಚವನ್ನು ಇಟ್ಟುಕೊಂಡಳು, ನುಂಗಿದಳು. ಕಣ್ಣು ತುಂಬಿಕೊಂಡಿತು.

"ಸರಿ ಇದೆ, ಭಾಭಿ."

ಕುಲ್ಸುಂ ಅದೇ ಚಮಚದಲ್ಲಿ ಗಂಜಿ ಕುಡಿಯಲು ಶುರುಮಾಡಿದಳು.